ಅವ್ವ ತಲೆಯ ಮೇಲೆ ಹೊತ್ತ ಚಪ್ಪಲಿ

ತಾಂಡೂರಿನ ಈ ಕಲ್ಲು ಪಾಲಿಶ್ ಶೆಡ್ಡಿನೊಳಗೆ ಬೆಳಕು ಇನ್ನೂ ಪೂರ್ತಿ ಬಂದಿಲ್ಲ. ಪ್ರತ್ಯೇಕ ತೆಲಂಗಾಣಕ್ಕಾಗಿ ಸಕಲರೂ ಮುಷ್ಕರ ಹೂಡಿರುವ ದಿನಗಳಿವು. ಯಂತ್ರಗಳು ಬಾಯಿ ಮುಚ್ಚಿಕೊಂಡಿವೆ. ಬೇರೆ ದಿನ ಕಣ್ಣು ಬಿಡಗೊಡದ ಕಲ್ಲಿನ ಪುಡಿ ನೆಲದ ಮೇಲೆ ತಣ್ಣಗೆ ಮಲಗಿದೆ. ಗೋಡೆಗೆ ಒರಗಿಸಿಟ್ಟ ಕಲ್ಲುಗಳ ಮೇಲೆ ಚಿತ್ರದ ಜನ ನಿಂತಿದ್ದಾರೆ. ಒಬ್ಬನ ಎದೆಯಲ್ಲಿ ಬಾಗಿಲಿದೆ, ಅದರ ಚಿಲಕ ಹೊರಗಡೆ. ಒಬ್ಬಾಕೆ ತನ್ನ ನೆರಳನ್ನೇ ಕೂಸಿನಂತೆ ಎತ್ತಿಕೊಂಡಿದ್ದಾಳೆ. ಅರೆಬೆಳಕಿನಲ್ಲಿ ಅವರೆಲ್ಲ ಈಗಷ್ಟೇ ಮಾತು ನಿಲ್ಲಿಸಿದ ಹಾಗೆ ಕಾಣುತ್ತದೆ. ನಡುವೆ ದೇವಿದಾಸ ಕುಕ್ಕರುಗಾಲಿನಲ್ಲಿ ಕೂತು ಕುಂಚದ ಕೂದಲು ಬಿಡಿಸುತ್ತಿದ್ದಾರೆ.

ನೆಲಕ್ಕೆ ಹಾಸುವ ಫರಸಿಯ ಒಂದು ಮೈಯನ್ನು ಮುಖ ಕಾಣುವಷ್ಟು ಉಜ್ಜುವುದು ದೇವಿದಾಸರ ಹೊಟ್ಟೆಪಾಡು. ಅಂಚು ಒಡೆದು ಯಾರಿಗೂ ಬೇಡವಾದ ಕಲ್ಲು ಸಿಕ್ಕರೆ ಅದನ್ನು ಮಗುಚಿ, ಉಜ್ಜದ ಬೆನ್ನಿನ ಮೇಲೆ ಮನುಷ್ಯರನ್ನು ಬರೆಯುವುದು ಅವರ ಹುಚ್ಚು. ಅವರ ಚಿತ್ರಗಳಲ್ಲಿ ಸೀರೆಗೆ ಬಣ್ಣವಿದೆ, ಆಕಾಶಕ್ಕೆ ಬಣ್ಣವಿದೆ. ಮೈಗೆ ಮಾತ್ರ ಇಲ್ಲ. ಮುಖ, ಕೈ, ಕಾಲು ಬರುವ ಜಾಗವನ್ನು ಬರಿಗಲ್ಲಾಗಿಯೇ ಬಿಡುತ್ತಾರೆ.

“ಮೈಗಿ ಬಣ್ಣ ಹಚ್ಚಿದ್ರ ಇವ ಯಾವ ಮಂದಿ ಪೈಕಿ ಅಂತ ಮೊದ್ಲ ಅದನ್ನ ಕೇಳ್ತಾರ್ರಿ” ಎನ್ನುತ್ತಾರೆ ಅವರು, ತಲೆ ಎತ್ತದೆ. “ಬರೇ ಕಲ್ಲ ಬಿಟ್ರ ಕೇಳಾಕ ಬರಂಗಿಲ್ಲ. ಮುಟ್ಟಿ ನೋಡಬೇಕಾಗ್ತದ. ಮುಟ್ಲಿ ಅಂತನ ಬಿಟ್ಟೀನಿ.”

ಊರು ಕಂಗ್ಟಿಯ ಆಚೆಗಿನ ಹಳ್ಳಿ. ಬುದ್ಧನ ಪಟ ತೂಗುಹಾಕಿದ, ಊರ ಹೊರಗಿನ ಓಣಿಯ ಮನೆ. ಹರೆಯದಲ್ಲಿ ಜಹೀರಾಬಾದಿಗೆ ಹೋಗಿ ಬೋರ್ಡು ಬರೆಯುವವರ ಕೈಕೆಳಗೆ ಪಳಗಿದರು. ಲಾರಿಗೆ ತೆಲುಗು, ಬಟ್ಟೆ ಅಂಗಡಿಗೆ ಉರ್ದು, ಮಠದ ಕಮಾನಿಗೆ ಕನ್ನಡ. ಫ್ಲೆಕ್ಸ್ ಬಂದು ಆ ಕೆಲಸ ಕೈಬಿಟ್ಟಿತು. ತಾಂಡೂರಿಗೆ ಬಂದು ಕಲ್ಲಿನ ಪುಡಿ ಕುಡಿಯತೊಡಗಿದರು. “ಮೂರು ಭಾಷಾದಾಗ ಎಲ್ಲಾರ ಹೆಸರೂ ಬರ್ದೀನ್ರಿ. ನಂದೊಂದ ಬರಿಯಾಕ ಎಲ್ಲೂ ಜಾಗ ಸಿಗಲಿಲ್ಲ” ಎಂದು ನಗುತ್ತಾರೆ. ಆ ನಗೆಯಲ್ಲಿ ದೂರಿಲ್ಲ, ಆಸೆಯಿದೆ.

ಆ ಆಸೆ ಇವತ್ತು ಬಾಗಿಲಿಗೆ ಬಂದಿದೆ. ಚೌಕದಲ್ಲಿನ ಹೋರಾಟದ ಶಾಮಿಯಾನಾದಲ್ಲಿ ಮಧ್ಯಾಹ್ನ ಒಂದು ದೊಡ್ಡ ಚಿತ್ರ ನಿಲ್ಲಿಸಬೇಕೆಂದು ಸಮಿತಿಯ ಮುಂದಾಳು, ಕಲ್ಲಿನ ವ್ಯಾಪಾರಿ ಕಾಶಿನಾಥ ಕೇಳಿದ್ದಾರೆ. ದೇವಿದಾಸರ ಚಿತ್ರವನ್ನು ಊರು ನೋಡುವುದು ಇದೇ ಮೊದಲು. ಅವರು ಆರಿಸಿಟ್ಟದ್ದು ಆಳೆತ್ತರದ ಹೆಂಗಸಿನ ಚಿತ್ರ: ಬರಿಗಾಲು, ಹಸಿರು ಸೀರೆ, ತಲೆಯ ಮೇಲೆ ಹುಲ್ಲಿನ ಹೊರೆ, ಹೊರೆಯ ಮೇಲೆ ಅವಳ ಮುಖಕ್ಕಿಂತ ದೊಡ್ಡದಾದ ಜೋಡು ಚಪ್ಪಲಿ. ದೊಡ್ಡವರ ಓಣಿ ದಾಟುವಾಗ ಇವರ ಜನ ಚಪ್ಪಲಿ ಕಳಚಿ ಹೊತ್ತು ನಡೆಯಬೇಕಿತ್ತು. ಅವ್ವ ಹಾಗೆ ನಡೆದದ್ದು ಮಗನ ಕಣ್ಣಲ್ಲಿ ಉಳಿದುಬಿಟ್ಟಿದೆ.

ನಿನ್ನೆ ಬಂದು ನೋಡಿದ ಕಾಶಿನಾಥ ಮೆಲ್ಲಗೆ ಹೇಳಿದರಂತೆ: “ಚೊಲೋ ಅದ ದೇವಿದಾಸ. ಆದ್ರ ಈಗ ಎಲ್ಲಾರೂ ಒಂದಾಗೀವಿ, ಹಳೇದು ಯಾಕ? ಚಪ್ಪಲಿ ತಗದು ಬತುಕಮ್ಮ ಇಡು. ಹಬ್ಬನೂ ಅದ. ಹೂವಿಂದು ಛಂದ ಕಾಣ್ತದ.”

ಕೆಟ್ಟ ಮನುಷ್ಯನಲ್ಲ ಕಾಶಿನಾಥ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಇಲ್ಲವೆನ್ನುವುದು ಸುಲಭವಿತ್ತು. ದೇವಿದಾಸರ ಮುಂದೆ ಈಗ, ಬತುಕಮ್ಮ ಹಬ್ಬಕ್ಕೆ ಗೋಪುರದಂತೆ ಪೇರಿಸುವ ತಂಗಡಿ ಹೂವಿನ ಹಳದಿ ಬಣ್ಣ ಕಲಸಿ ಸಿದ್ಧವಾಗಿದೆ. ಕೈ ಮಾತ್ರ ಏಳುತ್ತಿಲ್ಲ. “ಒಂದಾಗಾಕ ನಮ್ಮವ್ವನ ತಲಿಮ್ಯಾಲಿಂದ ಇಳಸಬೇಕೇನ್ರಿ? ಹಂಗಂತ ಇಳಸಲಿಲ್ಲಂದ್ರ ಈ ಕಲ್ಲು ಇಲ್ಲೇ ಗ್ವಾಡಿಗಿ ಮಾರಿ ಮಾಡ್ಕೊಂಡು ನಿಂದರ್ತದ” ಎನ್ನುತ್ತಾರೆ.

ಅಷ್ಟರಲ್ಲಿ ಆ ಅವ್ವನೇ ಚಹಾ ಹಿಡಿದು ಬರುತ್ತಾರೆ. ಗುಂಡಮ್ಮ ಕಣ್ಣು ತೋರಿಸಲು ಊರಿನಿಂದ ಬಂದವರು, ಬಸ್ಸು ನಿಂತು ಇಲ್ಲೇ ಸಿಕ್ಕಿಬಿದ್ದಿದ್ದಾರೆ. ಮಗನ ಶೆಡ್ಡಿಗೆ ಕಾಲಿಟ್ಟದ್ದು ಇವತ್ತೇ. ಚಿತ್ರದ ಮುಂದೆ ನಿಲ್ಲುತ್ತಾರೆ. ಹತ್ತಿರ ಹೋಗಿ, ಆ ಕಲ್ಲಿನ ಕೆನ್ನೆಯನ್ನು ಬೆರಳಿನಿಂದ ಸವರುತ್ತಾರೆ. ಕಲ್ಲು ಯಾವುದು, ಕೈ ಯಾವುದು ಎಂದು ಒಂದು ಕ್ಷಣ ಗೊತ್ತಾಗುವುದಿಲ್ಲ.

“ನಾನೇನ ಇದು?”

“ಹೂಂ ಅವ್ವ.”

“ಮತ್ತ ಈ ಚಪ್ಪಲಿ ಯಾರವೋ?”

“ನಿನ್ನವು.”

ಗುಂಡಮ್ಮ ಗೊಳ್ಳೆಂದು ನಗುತ್ತಾರೆ. “ನನಗೆಲ್ಲಿ ಚಪ್ಪಲಿ ಇದ್ದುವೋ ಹುಚ್ಚಾ! ಅವು ನಿನ್ನವು. ನಿಮ್ಮಪ್ಪ ಜಹೀರಾಬಾದ ಸಂತ್ಯಾಗ ತಂದಿದ್ದ, ಕೆಂಪನ್ನವು. ಓಣಿ ಬಂತಂದ್ರ ನಿನ್ನ ಕಾಲಾಗಿಂದ ಬಿಚ್ಚಿ ಹುಲ್ಲಿನ ಹೊರಿಗಿ ಸಿಗಸ್ತಿದ್ದೆ. ನೀ ಅಳ್ತಿದ್ದಿ. ಆ ಅಳೂದು ಯಾರಿಗೆ ಕೇಳಿಸ್ತದೋ ಅಂತ ನನ್ನ ಜೀವ ಹೋಗ್ತಿತ್ತು.”

ದೇವಿದಾಸ ಇಷ್ಟು ವರ್ಷ ಅವ್ವನ ಅವಮಾನವನ್ನು ಬರೆದೆನೆಂದುಕೊಂಡವರು, ಅವ್ವ ಹೊತ್ತದ್ದು ಮಗನದನ್ನೇ ಎಂದು ಈಗ ತಿಳಿಯುತ್ತಿದ್ದಾರೆ. ಕಣ್ಣು ತುಂಬುತ್ತದೆ. ಮರೆಮಾಚುವ ಗೋಜಿಗೂ ಹೋಗುವುದಿಲ್ಲ.

ಎದ್ದು ಹಳದಿ ಬಣ್ಣದ ಬಟ್ಟಲನ್ನು ಬದಿಗೆ ಸರಿಸುತ್ತಾರೆ. ಉಜ್ಜುವ ಕಲ್ಲು ತೆಗೆದುಕೊಂಡು ದೊಡ್ಡ ಚಪ್ಪಲಿಗಳನ್ನು ಕೆರೆಯುತ್ತಾರೆ. ಈ ಫರಸಿಯನ್ನು ಕೆರೆದರೆ ಬಿಳಿ ಗಾಯವಾಗುತ್ತದೆ, ಅದು ಮಾಯುವುದಿಲ್ಲ. ಗಾಯದ ನಡುವೆ ಎರಡು ಪುಟ್ಟ ಕೆಂಪು ಚಪ್ಪಲಿ ಮೂಡುತ್ತವೆ. ಬಿಸಿಲು ಶೆಡ್ಡಿನೊಳಗೆ ಬರುವ ಹೊತ್ತಿಗೆ ಸುತ್ತಲ ಬಿಳುಪು ಬೆಳದಿಂಗಳಂತೆ ಹರಡಿಕೊಂಡಿದೆ.

ಕಲ್ಲು ಒಯ್ಯಲು ಬಂದ ಕಾಶಿನಾಥ ಹೂವನ್ನು ಹುಡುಕುತ್ತಾರೆ, ಕಾಣುವುದಿಲ್ಲ. “ಈ ಸಣ್ಣವು ಯಾರವು?”

“ಇವನವ್ರಿ ಸಾವಕಾರ್ರ. ಈಗ ಕಾಲು ದೊಡ್ಡವಾಗ್ಯಾವ” ಎನ್ನುತ್ತಾರೆ ಗುಂಡಮ್ಮ.

“ಹಿಂಗ ಇಡ್ತೀರಂದ್ರ ಒಯ್ಯಿರಿ” ಎಂದು ದೇವಿದಾಸ ಸೇರಿಸುತ್ತಾರೆ.

ಕಾಶಿನಾಥ ಪುಟ್ಟ ಚಪ್ಪಲಿಗಳನ್ನೇ ನೋಡುತ್ತಾರೆ. ಅವರೂ ಮಕ್ಕಳೊಂದಿಗ. ಅಂಗಿಯ ತೋಳು ಮಡಚಿ, ಕಲ್ಲಿನ ಒಂದು ತುದಿಗೆ ಕೈ ಹಾಕುತ್ತಾರೆ. ಇನ್ನೊಂದು ತುದಿ ದೇವಿದಾಸರದು. ಚಿತ್ರ ಬೀದಿಗೆ ಹೊರಡುತ್ತದೆ.

ಇನ್ನೇನು ಬೇಕು ಎಂದು ಕೇಳಿದರೆ, ಕಲ್ಲನ್ನು ಬಂಡಿಗೇರಿಸಿ ಮರಳಿದ ದೇವಿದಾಸ ಹೊಸ್ತಿಲಲ್ಲಿ ನಿಂತು ಕೈಯ ಪುಡಿ ಕೊಡವುತ್ತಾರೆ. “ಇನ್ನೊಂದ ಚಿತ್ರ ತೆಗಿಬೇಕಂತದರಿ ಮನಸ್ಸು. ಅವ್ವನ ತಲಿಮ್ಯಾಲ ಏನೂ ಇರಬಾರದು. ಹುಲ್ಲೂ ಬ್ಯಾಡ, ಹೂವೂ ಬ್ಯಾಡ. ಸುಮ್ಕ ನಿಂತಿರಬೇಕು. ಆದ್ರ ಹಂಗ ಆಕಿನ್ನ ನಾ ಎಂದೂ ನೋಡೇ ಇಲ್ಲ.”

ಗುಂಡಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. “ಅಷ್ಟಕ್ಯಾಕ ಸಣ್ಣ ಮಾರಿ ಮಾಡ್ತೀ? ತಡಿ, ತಲಿ ಬಾಚ್ಕೊಂಡ ಬರ್ತೀನಿ.”