ಬೆಲ್ಟ್ ಹಿಡಿಯುವ ಸರದಿ

ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ಗೆಳೆಯ ನನ್ನ ಸೊಂಟದ ಬೆಲ್ಟಿನಿಂದ ಕೈ ತೆಗೆದ. ಆಗ ನಾನು ಗಡಿಯಾರ ನೋಡಿರಲಿಲ್ಲ. ಕೈ ತೆಗೆದ ಮರುಗಳಿಗೆಯಲ್ಲೇ ಅವನೊಂದು ಫೋಟೋ ತೆಗೆದ, ಅದರ ಹೊತ್ತನ್ನು ಅವನ ಕ್ಯಾಮೆರಾ ಗುರುತು ಹಾಕಿಟ್ಟುಕೊಂಡಿದೆ. ಆ ಫೋಟೋವನ್ನು ಈಗ ನೋಡಿದವರೆಲ್ಲ ಹೊಗಳುತ್ತಾರೆ. ಅದೇ ಗಳಿಗೆಯಲ್ಲಿ ಮೂರು ಅಂತಸ್ತಿನ ಮೇಲೆ ನನ್ನ ಒಂದು ಕಾಲು ಗಾಳಿಯಲ್ಲಿತ್ತು ಅನ್ನುವುದು ಫೋಟೋದಲ್ಲಿ ಕಾಣುವುದಿಲ್ಲ.

ಬೆಲ್ಟಿನ ವಿಷಯ ಮೊದಲು ಹೇಳಬೇಕು. ಯಲಹಂಕದ ಆಚೆ ಯುದ್ಧವಿಮಾನಗಳ ಪ್ರದರ್ಶನ ನಡೆದಾಗಲೆಲ್ಲ ನಾವಿಬ್ಬರೂ ಹೋಗುತ್ತೇವೆ. ಒಳಗೆ ಟಿಕೆಟ್ ಕೊಂಡವರ ಜೊತೆ ನಿಂತರೆ ವಿಮಾನಗಳಿಗಿಂತ ಜನರ ಮೊಬೈಲುಗಳೇ ಜಾಸ್ತಿ ಕಾಣುತ್ತವೆ. ಅದಕ್ಕೇ ಬೇಲಿಯ ಹೊರಗೆ, ಅರ್ಧ ಕಟ್ಟಿ ನಿಲ್ಲಿಸಿದ ಕಟ್ಟಡಗಳ ತಾರಸಿ ಹಿಡಿಯುತ್ತೇವೆ. ಅಂಥ ತಾರಸಿಗಳಿಗೆ ಸುತ್ತ ಅಡ್ಡಗೋಡೆ ಇರುವುದಿಲ್ಲ. ಮೂಲೆಗಳಲ್ಲಿ ಪಿಲ್ಲರಿನ ಕಂಬಿಗಳು ಮೇಲಕ್ಕೆ ಚಾಚಿಕೊಂಡಿರುತ್ತವೆ, ಅಷ್ಟೇ. ವಿಮಾನದ ಫೋಟೋ ತೆಗೆಯುವವನ ಒಂದು ಕಣ್ಣು ಕ್ಯಾಮೆರಾದೊಳಗೆ ಸೇರಿದರೆ ಇನ್ನೊಂದು ಮುಚ್ಚಿರುತ್ತದೆ. ವಿಮಾನ ತಿರುಗಿದಂತೆ ಅವನೂ ತಿರುಗುತ್ತಾನೆ, ತಿರುಗುತ್ತ ಅವನ ಕಾಲು ತಾನಾಗಿಯೇ ಹಿಂದೆ ಸರಿಯುತ್ತದೆ. ಒಮ್ಮೆ ಫೋಟೋ ತೆಗೆಯುವ ನಮ್ಮ ಗುಂಪಿನವನೊಬ್ಬ ಹೀಗೇ ಕಾಂಪೌಂಡಿನ ಮೇಲಿಂದ ಬಿದ್ದು ಕಾಲು ಮುರಿದುಕೊಂಡ. ಅಲ್ಲಿಂದ ನಾವು ಜೋಡಿ ಜೋಡಿಯಾಗಿ ಹೋಗುತ್ತೇವೆ. ಒಬ್ಬ ತೆಗೆಯುವಾಗ ಇನ್ನೊಬ್ಬ ಹಿಂದೆ ನಿಂತು ಅವನ ಬೆಲ್ಟ್ ಹಿಡಿದಿರಬೇಕು. ಆಕಾಶದಲ್ಲಿ ವಿಮಾನಗಳ ಒಂದು ಆಟ ಮುಗಿದರೆ ಸರದಿ ಬದಲು. ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲವಾದ್ದರಿಂದ, ತೆಗೆಯುವವನು ಮುಗಿಸಿದ ಮೇಲೆ ಹಿಡಿದವನ ಕೈಮೇಲೆ ಎರಡು ಸಲ ತಟ್ಟುತ್ತಾನೆ. ಎರಡು ಸಲ ತಟ್ಟಿದರೆ ಮಾತ್ರ ಬಿಡಬೇಕು.

ನಾವಿಬ್ಬರೂ ಬಿ.ಎಸ್ಸಿ.ಯಲ್ಲಿ ಒಂದೇ ಬೆಂಚಿನವರು. ಅವನದು ಬಸವನಗುಡಿ, ಚಿಕ್ಕಪೇಟೆಯಲ್ಲಿ ಅಪ್ಪನ ಕಾಲದ ರೇಷ್ಮೆ ಸೀರೆ ಅಂಗಡಿ ಇದೆ. ನಾನು ಚಾಮರಾಜಪೇಟೆಯಲ್ಲಿ ಒಂದು ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಪಾಸ್‌ಪೋರ್ಟ್ ಫೋಟೋ, ಮದುವೆ, ನಾಮಕರಣ, ದೊಡ್ಡ ಪ್ರಿಂಟುಗಳು. ಕ್ಯಾಮೆರಾ ಹಿಡಿಯಲು ಅವನಿಗೆ ಕಲಿಸಿದವನು ನಾನು. ಅವನಿಗೆ ಅದು ಭಾನುವಾರದ ಆಟ, ನನಗೆ ಅನ್ನ. ಆದರೂ ಒಳ್ಳೆಯ ಲೆನ್ಸ್ ಬರುವುದು ಮೊದಲು ಅವನ ಕೈಗೆ. ಈ ಸಲ ಅವನು ತಂದ ಹೊಸ ಲೆನ್ಸ್ ಮಗುವಿನಷ್ಟು ಉದ್ದವಿತ್ತು. ಹಳೆಯದನ್ನು ಎಂದಿನಂತೆ ನನ್ನ ಕೈಗೆ ಕೊಟ್ಟು, "ಇಟ್ಕೋ ಗುರು, ಇದೂ ಚೆನ್ನಾಗೇ ಇದೆ" ಅಂದ. ಅವನ ದೊಡ್ಡತನವೇ ನನಗೆ ಚುಚ್ಚುತ್ತದೆ. ಜಿಪುಣನಾಗಿದ್ದರೆ ಎಷ್ಟೋ ವಾಸಿಯಿತ್ತು.

ಬೆಳಿಗ್ಗೆಯೆಲ್ಲ ನಗುತ್ತಲೇ ಇದ್ದೆವು. ಹದ್ದುಗಳು ಬಂದು ವಿಮಾನಕ್ಕೆ ಬಡಿಯಬಾರದೆಂದು ಆ ದಿನಗಳಲ್ಲಿ ಸುತ್ತಲಿನ ಮಾಂಸದಂಗಡಿಗಳನ್ನು ಮುಚ್ಚಿಸಿರುತ್ತಾರೆ. ಮನೆಯಲ್ಲಿ ಮೊಟ್ಟೆಯನ್ನೂ ಸೇರಿಸದ ನನ್ನ ಗೆಳೆಯನಿಗೆ ಈ ಕಡೆ ಬಂದಾಗ ಕಬಾಬ್ ತಿನ್ನುವ ಆಸೆ. ಹದ್ದುಗಳಿಗಾಗಿ ತಾನು ಉಪವಾಸ ಮಾಡಬೇಕಾಯಿತೆಂದು ಗೊಣಗುತ್ತ ಹೆಂಡತಿ ಕಟ್ಟಿಕೊಟ್ಟ ಚಿತ್ರಾನ್ನ ತಿಂದ.

ಎರಡು ವಿಮಾನಗಳು ಎದುರುಬದುರಾಗಿ ಬಂದು, ಡಿಕ್ಕಿ ಹೊಡೆದೇಬಿಟ್ಟವು ಅನ್ನುವಷ್ಟು ಹತ್ತಿರ ಹಾದುಹೋಗುವ ಆಟವೊಂದಿದೆ. ಎಲ್ಲರೂ ಕಾಯುವುದು ಅದಕ್ಕೇ. ಈ ಸಲ ಅದು ನನ್ನ ಸರದಿಗೆ ಬಂತು. ನಾನು ಎಡಗಡೆಯ ವಿಮಾನವನ್ನು ಹಿಡಿದು ಅದರೊಂದಿಗೆ ತಿರುಗತೊಡಗಿದೆ. ಸೊಂಟದ ಚೀಲ ಜಾರಿತು. ಎಡಗೈಯಿಂದ ಅದನ್ನು ಹಿಂದಕ್ಕೆ ತಳ್ಳಿದಾಗ ಅವನ ಕೈಗೆ ನನ್ನ ಕೈ ತಾಗಿತು. ಒಂದು ಸಲ ತಾಗಿತೋ ಎರಡು ಸಲವೋ, ಆಗ ನನಗೆ ಗೊತ್ತಾಗಲಿಲ್ಲ. ಬೆಲ್ಟ್ ಸಡಿಲಾಯಿತು, ಹಿಂದೆ ನಿಂತಿದ್ದವನು ಪಕ್ಕಕ್ಕೆ ಸರಿದ. ನಾನು ಇನ್ನೊಂದು ಹೆಜ್ಜೆ ಹಿಂದಿಟ್ಟೆ. ಅಲ್ಲಿ ನೆಲವಿರಲಿಲ್ಲ.

ಅದನ್ನು ಬೀಳುವುದು ಅನ್ನಲಾರೆ, ಬಿದ್ದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಮೂಲೆಯ ಕಂಬಿ ಅಂಗೈಗೆ ಸಿಕ್ಕಿತು. ಮಂಡಿ ಸಿಮೆಂಟಿಗೆ ಉಜ್ಜಿತು. ಕತ್ತಿಗೆ ನೇತುಹಾಕಿಕೊಂಡಿದ್ದ ಕ್ಯಾಮೆರಾ ತೂಗಿ ಕೆಳಗಿನ ಅಂತಸ್ತಿನ ಗೋಡೆಗೆ ಬಡಿದು, ಲೆನ್ಸಿನ ಗಾಜು ಒಡೆದ ಸದ್ದು ಆ ಗದ್ದಲದಲ್ಲೂ ನನಗೆ ಕೇಳಿಸಿತು. ಕೆಳಗೆ ಒಟ್ಟಿದ್ದ ಸೈಜುಗಲ್ಲುಗಳು ಕಂಡವು. ಮೇಲೆ ನೋಡಿದರೆ ಗೆಳೆಯನ ಬೆನ್ನು. ಅವನು ಆಕಾಶಕ್ಕೆ ಮುಖ ಮಾಡಿ ಹೊಸ ಲೆನ್ಸಿನಲ್ಲಿ ಮುಳುಗಿದ್ದ. ಆಮೇಲೆ, "ಸಿಕ್ತು ಮಗಾ" ಎನ್ನುತ್ತ ನಗುಮುಖದಲ್ಲೇ ತಿರುಗಿದ. ಆ ನಗು ಅವನ ಮುಖದಲ್ಲಿ ಹಾಗೇ ಸತ್ತುಹೋದದ್ದನ್ನು ನಾನು ನೋಡಿದೆ. ಎರಡೂ ಕೈಯಿಂದ ನನ್ನ ಅಂಗಿ ಹಿಡಿದು ಒಳಕ್ಕೆಳೆದ. ವಾಪಸು ಬರುವಾಗ ಹೆಬ್ಬಾಳದ ಹತ್ತಿರ ಅವನು, ನೀನು ತಟ್ಟಿದೆ ಅಂದುಕೊಂಡೆ ಎಂದ. ನಾನು ಪರವಾಗಿಲ್ಲ ಅಂದೆ. ತಾನು ಕೊಟ್ಟ ಲೆನ್ಸ್ ಒಡೆದ ಮಾತನ್ನು ಅವನು ಎತ್ತಲೇ ಇಲ್ಲ.

ಸಂಜೆ ಅವನು ನಮ್ಮ ಗುಂಪಿಗೆ ಫೋಟೋ ಕಳಿಸಿದ. ಎರಡು ವಿಮಾನಗಳು ಹೊಟ್ಟೆಗೆ ಹೊಟ್ಟೆ ತಾಗಿಸಿದಂತೆ ನಿಂತಿವೆ, ಕನ್ನಡಿಯಲ್ಲಿ ಒಂದೇ ವಿಮಾನ ತನ್ನನ್ನು ತಾನು ನೋಡಿಕೊಂಡಂತೆ. ನಡುವಿನ ಕಿರಿದಾದ ಬೆಳಕಿನಲ್ಲಿ ರೆಕ್ಕೆ ಬಿಚ್ಚಿದ ಒಂದು ಹದ್ದು. ಅದು ದೂರದಲ್ಲಿ ಎಲ್ಲೋ ಇದ್ದಿರಬೇಕು, ಫೋಟೋದಲ್ಲಿ ಮಾತ್ರ ವಿಮಾನಗಳ ನಡುವೆಯೇ ಹಾರುತ್ತಿದೆ. ಇಷ್ಟು ವರ್ಷ ಕ್ಯಾಮೆರಾ ಹೊತ್ತ ನನಗೆ ಇಂಥದ್ದೊಂದು ಸಿಕ್ಕಿಲ್ಲ. ಅದೂ ನನ್ನ ಸರದಿಯಲ್ಲಿ.

ಅವತ್ತಿನಿಂದ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಕಾಲಡಿಯ ನೆಲ ಸರಿಯುತ್ತಿತ್ತು. ಆದರೆ ನನ್ನನ್ನು ಬೆಚ್ಚಿ ಎಬ್ಬಿಸುತ್ತಿದ್ದದ್ದು ಆ ಬೀಳುವಿಕೆಯಲ್ಲ. ಬೀಳುತ್ತ ಮೇಲೆ ನೋಡಿದರೆ ವಿಮಾನಗಳು ಸೇರುತ್ತಿದ್ದವು, ಹದ್ದು ನಡುವೆ ಬರುತ್ತಿತ್ತು, ನಾನು ಬೆರಳು ಒತ್ತಿದರೆ ಕೈಯಲ್ಲಿ ಕ್ಯಾಮೆರಾ ಇರುತ್ತಿರಲಿಲ್ಲ. ಆಗ ಎದ್ದು ಕೂರುತ್ತಿದ್ದೆ. ಹೆಂಡತಿ ನನ್ನನ್ನು ದೊಡ್ಡ ಗಣಪತಿ ಗುಡಿಗೆ ಕರೆದುಕೊಂಡು ಹೋಗಿ ಪೂಜೆ ಮಾಡಿಸಿದಳು. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ನಾನು ಆ ಹದ್ದಿನ ಮಾತು ತೆಗೆದೆ. "ಜೀವ ಉಳೀತು ಅಂತ ಕೈ ಮುಗಿಯೋದು ಬಿಟ್ಟು, ಫೋಟೋ ಹೋಯ್ತು ಅಂತ ಕೊರಗ್ತೀರಲ್ಲ ನೀವು" ಅಂದಳು.

ಅವಳು ಹೇಳಿದ್ದು ನಿಜ. ನನ್ನನ್ನು ಕೊರೆಯುತ್ತಿದ್ದದ್ದು ಒಂದೇ ಪ್ರಶ್ನೆ. ನಾನು ಎರಡು ಸಲ ತಟ್ಟಿದೆನೆಂದು ಅವನು ನಿಜವಾಗಿ ತಿಳಿದು ಕೈ ಬಿಟ್ಟನೋ, ಅಥವಾ ಗೊತ್ತಿದ್ದೇ ಬಿಟ್ಟನೋ? ಗೊತ್ತಿದ್ದು ಬಿಟ್ಟಿದ್ದರೆ ಆ ಫೋಟೋ ನನ್ನಿಂದ ಕಿತ್ತುಕೊಂಡದ್ದು, ಇಷ್ಟು ವರ್ಷದ ಗೆಳೆತನ ಅಲ್ಲಿಗೆ ಮುಗಿಯಿತು. ಗೊತ್ತಿಲ್ಲದೆ ಬಿಟ್ಟಿದ್ದರೆ ಅದು ಅವನ ಅದೃಷ್ಟ. ಹೇಳಲು ನಾಚಿಕೆಯಾಗುತ್ತದೆ, ಅವನು ಗೊತ್ತಿದ್ದೇ ಬಿಟ್ಟಿರಲಿ ಎಂದು ನನ್ನ ಮನಸ್ಸು ಬೇಡಿಕೊಳ್ಳುತ್ತಿತ್ತು. ಅವನ ತಪ್ಪನ್ನಾದರೂ ಸಹಿಸಿಕೊಳ್ಳಬಹುದಿತ್ತು, ಅದೃಷ್ಟವನ್ನಲ್ಲ.

ಗುಂಪಿನವರು ವರ್ಷಕ್ಕೊಮ್ಮೆ ಮಲ್ಲೇಶ್ವರದಲ್ಲಿ ತಮ್ಮ ಫೋಟೋಗಳನ್ನು ತೂಗುಹಾಕುತ್ತಾರೆ. ಈ ಸಲ ಬಾಗಿಲಿನ ಎದುರಿಗೇ ಅವನದು. ಬಂದವರೆಲ್ಲ ಅವನ ಬೆನ್ನು ತಟ್ಟಿ ನನ್ನ ಕಡೆ ತಿರುಗುತ್ತಿದ್ದರು. "ನೀನೂ ಅಲ್ಲೇ ಇದ್ಯಂತಲ್ಲ ಮಚ್ಚಾ, ಏನ್ ಮಾಡ್ತಿದ್ದೆ, ಚಿತ್ರಾನ್ನ ತಿಂತಿದ್ಯಾ?" ಎಂದೊಬ್ಬ ಕೇಳಿದ. ಎಲ್ಲರೂ ನಕ್ಕರು. ಗೆಳೆಯ ನಗಲಿಲ್ಲ. ನಾನು ಅಂಚಿನಲ್ಲಿ ಕಾಲು ತಪ್ಪಿದ್ದನ್ನು ಅವನೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಹೇಳಿದರೆ ನೆಪ ಹೇಳಿದಂತಾಗುತ್ತದೆ ಎಂದು ಸುಮ್ಮನಿದ್ದೆ.

ಅದಾದ ಮೇಲೆ ಆ ಫೋಟೋ ನನ್ನ ಸ್ಟುಡಿಯೋಗೇ ಬಂತು. ಅಂಗಡಿಯಲ್ಲಿ ಹಾಕಲು ದೊಡ್ಡದಾಗಿ ಪ್ರಿಂಟ್ ಬೇಕು, ಬೇರೆಯವರಿಗೆ ಕೊಡಲು ಮನಸ್ಸಿಲ್ಲ ಎಂದು ಅವನು ಫೋನ್ ಮಾಡಿದ. ಆಯಿತು ಅಂದೆ. ಫೈಲನ್ನು ಪರದೆಯ ಮೇಲೆ ಹಿಗ್ಗಿಸಿದಾಗ ಹದ್ದಿನ ಕಣ್ಣೂ ಕಾಣಿಸಿತು. ನಾನು ವಿಮಾನಗಳು ಬಿಟ್ಟ ಹೊಗೆಯ ಬಿಳುಪನ್ನು ತುಸು ಹೆಚ್ಚಿಸಿದ್ದರೆ ಸಾಕಿತ್ತು, ಆಕಾಶ ಸಪ್ಪೆಯಾಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೈ ಅಲ್ಲಿವರೆಗೆ ಹೋಯಿತು. ಆದರೆ ಅಷ್ಟು ಒಳ್ಳೆಯ ಫೋಟೋವನ್ನು ಕೆಡಿಸುವುದು ನನ್ನ ಕೈಯಲ್ಲಿ ಆಗಲಿಲ್ಲ. ಮೊದಲ ಪ್ರಿಂಟಿನಲ್ಲಿ ನೀಲಿ ಒಂದಿಷ್ಟು ಹೆಚ್ಚಾಗಿತ್ತು, ಹರಿದುಹಾಕಿದೆ. ಎರಡನೆಯದೂ ಮನಸ್ಸಿಗೆ ಬರಲಿಲ್ಲ. ಮೂರನೆಯದನ್ನು ಒಣಗಲು ಹಾಕಿ, ಅದರ ಎದುರು ಬಹಳ ಹೊತ್ತು ಕುರ್ಚಿ ಹಾಕಿಕೊಂಡು ಕೂತಿದ್ದೆ.

ಗುರುವಾರ ಮಧ್ಯಾಹ್ನ ಅದನ್ನು ಸುತ್ತಿಕೊಂಡು ಮೆಟ್ರೋದಲ್ಲಿ ಚಿಕ್ಕಪೇಟೆಗೆ ಹೋದೆ. ಅಂಗಡಿಯಲ್ಲಿ ಮದುವೆಮನೆಯವರು ಸೀರೆ ಹರಡಿಸಿಕೊಂಡು ಕೂತಿದ್ದರು. ಗೆಳೆಯ ನನ್ನನ್ನು ಹಿಂದಿನ ಗೋಡೌನಿಗೆ ಕರೆದುಕೊಂಡು ಹೋದ. ಸೀರೆಯ ಪೆಟ್ಟಿಗೆಗಳ ಮೇಲೆ ಪ್ರಿಂಟ್ ಬಿಚ್ಚಿ ನಾಲ್ಕು ಮೂಲೆಗೂ ಕಾಗದದ ಕಟ್ಟು ಇಟ್ಟ. ಅದನ್ನೇ ನೋಡುತ್ತ ನಿಂತ. ಆಗ ನಾನು ಕೇಳಿಬಿಟ್ಟೆ.

"ಎಷ್ಟು ಸಲ ತಟ್ದೆ ನಾನು?"

ಅವನು ಪ್ರಿಂಟಿನ ಮೂಲೆಯ ಕಟ್ಟೊಂದನ್ನು ಸರಿಮಾಡಿದ. ಹೊರಗೆ ಯಾರೋ ಜರಿಯ ಬಣ್ಣ ಬಿಡುತ್ತದೆಯೇ ಎಂದು ವಾದಿಸುತ್ತಿದ್ದರು.

"ಒಂದೇ ಸಲ" ಅಂದ. "ಗೊತ್ತಾಯ್ತು ಕಣೋ. ಎರಡನೇದಕ್ಕೆ ಕಾಯಬೇಕಿತ್ತು. ಹದ್ದು ಬರೋದು ಕಾಣಿಸ್ತು. ಕಾಯಕ್ಕಾಗ್ಲಿಲ್ಲ."

ಇಷ್ಟು ದಿನ ನಾನು ಬೇಡಿಕೊಂಡ ಉತ್ತರ ಅದೇ. ಸಿಕ್ಕ ಮೇಲೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ನಾನು ಅವನ ಹಿಂದೆ ನಿಂತಿದ್ದಂತೆ, ಅವನ ಬೆಲ್ಟ್ ನನ್ನ ಮುಷ್ಟಿಯಲ್ಲಿದ್ದಂತೆ, ಹದ್ದು ನನಗೆ ಕಾಣಿಸಿದಂತೆ ಊಹಿಸಿಕೊಂಡೆ. ಎರಡನೆಯ ಸಲ ತಟ್ಟುವವರೆಗೆ ಕಾಯುತ್ತಿದ್ದೆನೆಂದು ಎದೆ ತಟ್ಟಿ ಹೇಳಲು ನನ್ನಿಂದ ಆಗಲಿಲ್ಲ. ಅವನ ಮುಖ ನೋಡಿದೆ. ಕಣ್ಣ ಕೆಳಗೆ ಕಪ್ಪಾಗಿತ್ತು. ಅವನೂ ನಿದ್ದೆಗೆಟ್ಟಿದ್ದಾನೆ ಅನ್ನುವುದು ಆಗಷ್ಟೇ ನನ್ನ ಗಮನಕ್ಕೆ ಬಂತು.

"ಕಂಬಿ ಇಲ್ದಿದ್ರೆ ಏನಾಗ್ತಿತ್ತು ಅನ್ನೋದು ದಿನಾ ರಾತ್ರಿ ಕಣ್ಮುಂದೆ ಬರುತ್ತೆ" ಅಂದ. "ಇದನ್ನ ತಗೊಂಡ್ಹೋಗು ಬೇಕಾದ್ರೆ. ನಿನ್ನ ಹೆಸರು ಹಾಕ್ಕೋ."

"ಬೇಡ. ನೀನು ತೆಗ್ದಿದ್ದು." ಉಳಿದದ್ದನ್ನೂ ಹೇಳಿದೆ. "ಹೊಟ್ಟೆ ಉರೀತಿದೆ ಕಣೋ ನಂಗೆ."

"ಗೊತ್ತು. ಪ್ರಿಂಟ್ ನೋಡಿದ್ರೇ ಗೊತ್ತಾಗುತ್ತೆ. ಇಷ್ಟು ಚೆನ್ನಾಗಿ ನೀನು ಯಾರ್ಗೂ ಮಾಡ್ಕೊಟ್ಟಿಲ್ಲ."

ಇಬ್ಬರಿಗೂ ನಗು ಬಂತು, ಅದು ಪೂರ್ತಿ ನಗುವೂ ಅಲ್ಲ. ಅವನು ಕಾಫಿ ತರಿಸಿದ. ಮುಂದಿನ ಸಲ ಅಡ್ಡಗೋಡೆ ಇರುವ ತಾರಸಿಗೇ ಹೋಗುವುದೆಂದು ಮಾತಾಯಿತು. ಫೋಟೋ ಅಷ್ಟು ಚೆನ್ನಾಗಿ ಬರದಿದ್ದರೆ ಬರದಿರಲಿ ಎಂದು ಅವನೇ ಅಂದ. ನನಗೆ ಒಳಗೊಳಗೇ ಅದು ಒಪ್ಪಿಗೆಯಾಗಲಿಲ್ಲ.

ಮನೆಗೆ ಬಂದು ಅನ್ನ-ಸಾರು ಉಂಡು ಮಲಗಿದೆ. ಶುಕ್ರವಾರ ನನಗೆ ಎಚ್ಚರವಾದಾಗ ಬಿಸಿಲು ಮಂಚದ ಮೇಲೆ ಬಂದಿತ್ತು. ಹೂವಿನವಳು ಬಂದು ಹೋಗಿಯಾಗಿತ್ತು. ಸ್ಟುಡಿಯೋ ತೆಗೆದಿಲ್ಲವೆಂದು ಯಾರೋ ಆಗಲೇ ಎರಡು ಸಲ ಫೋನ್ ಮಾಡಿದ್ದರಂತೆ. ನನ್ನನ್ನು ಎಬ್ಬಿಸಲು ಮನಸ್ಸಾಗಲಿಲ್ಲ ಎಂದು ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು.