ಕೋಲೆಳೆದ ಸೇರು

ನಮ್ಮ ಮನೆಗೆ ಬಂದ ಅತಿಥಿಗಳು ಕಾಫಿಯ ಲೋಟಕ್ಕೆ ಕೈಯೊಡ್ಡುವ ಮೊದಲು ಒಂದು ಕ್ಷಣ ಧ್ಯಾನಸ್ಥರಾಗುವುದನ್ನು ನಾನು ಗಮನಿಸಿದ್ದೇನೆ. ಅದು ನನ್ನ ಕಾಫಿಯ ಪರಿಮಳಕ್ಕೆ ಸಲ್ಲುವ ಗೌರವವೆಂದು ಬಹುಕಾಲ ಭ್ರಮಿಸಿ ಹಿಗ್ಗಿದವಳು ನಾನು. ಪಾಪ, ಅವರ ಚಿಂತೆಯೇ ಬೇರೆ. ಅಂಚಿನವರೆಗೆ ತುಂಬಿ ತುಳುಕುವ ಆ ಲೋಟವನ್ನು ಪಂಚೆಗೆ ಅಭಿಷೇಕವಾಗದಂತೆ ತುಟಿಗೆ ಮುಟ್ಟಿಸುವುದು ಹೇಗೆಂದು ಅವರು ಯೋಚಿಸುತ್ತಿರುತ್ತಾರೆ. ಲೋಟದಲ್ಲಿ ಒಂದು ಬೆರಳಿನಷ್ಟು ಜಾಗ ಉಳಿಸಿದರೆ ಮನೆಯ ಮರ್ಯಾದೆಯೇ ಆ ಜಾಗದಿಂದ ಸೋರಿಹೋದೀತೆಂಬ ಭಯ ನನಗೆ. ವಿಚಿತ್ರವೆಂದರೆ, ಅಳತೆಯೆಂದರೆ ಏನೆಂದು ಮಕ್ಕಳಿಗೆ ಕಲಿಸುವುದೇ ನನ್ನ ಉದ್ಯೋಗವಾಗಿತ್ತು.

ಹೊಸ ಲೀಟರು, ಹೊಸ ಕಿಲೋಗಳು ಪೇಟೆಗೆ ಬಂದು ಹಳೆಯ ಸೇರು ಪಾವುಗಳೊಡನೆ ಜಗಳಕ್ಕಿಳಿದಿದ್ದ ವರ್ಷಗಳವು. ಶಿರಸಿಯಲ್ಲಿ ಶಿಕ್ಷಕಿಯ ತರಬೇತಿ ಮುಗಿಸಿದ ನನಗೆ ಯಲ್ಲಾಪುರ ತಾಲೂಕಿನ ಮೂಡಣ ಅಂಚಿನಲ್ಲಿ, ಕಿರವತ್ತಿಯ ಆಚೆಯ ಒಂದು ಪ್ರಾಥಮಿಕ ಶಾಲೆ ಸಿಕ್ಕಿತು. ಸಿದ್ದಾಪುರದ ಕಡೆಯ ನಮ್ಮ ಮನೆಯಲ್ಲಿ ಹೆತ್ತ ಆಯಿ ಅತ್ತಳು: "ಅಷ್ಟು ದೂರ ಎಂತಕ್ಕೆ ಹೋಗವು? ಇಲ್ಲೇ ಹತ್ರ ಶಾಲೆ ಇಲ್ಯಾ?" "ಆನು ಹೋಗೇ ಹೋಗ್ತೆ" ಎಂದೆ. ಆ ಹಟ ನನ್ನ ಹುಟ್ಟುಗುಣ. ಅದಕ್ಕೆ ಧ್ಯೇಯನಿಷ್ಠೆ ಎಂಬ ಚೆಂದದ ಹೆಸರಿಟ್ಟು ಟ್ರಂಕಿನಲ್ಲಿ ಸೀರೆಗಳ ಜೊತೆ ಮಡಚಿಟ್ಟುಕೊಂಡೆ.

ಮಕ್ಕಳು ಕಣ್ಣಿಂದ ನೋಡಿ ಕೈಯಿಂದ ಮಾಡಿ ಕಲಿಯಬೇಕು, ಬಾಯಿಪಾಠದ ಗಿಳಿಗಳಾಗಬಾರದು ಎಂದು ತರಬೇತಿಯಲ್ಲಿ ಹೇಳಿದ್ದನ್ನು ನಾನು ವೇದವಾಕ್ಯವೆಂದೇ ನಂಬಿದ್ದೆ. ಬಂದ ತಿಂಗಳಲ್ಲೇ ಶಾಲೆಯ ಅಂಗಳ ನನ್ನ ಪ್ರಯೋಗಶಾಲೆಯಾಯಿತು. ಹಗ್ಗ ಹಿಡಿದು ಹುಣಸೆ ಮರದ ಸುತ್ತಳತೆ ತೆಗೆದೆವು, ಧ್ವಜಸ್ತಂಭದ ನೆರಳಿನ ಹಿಂದೆ ಸುಣ್ಣದ ಗೆರೆ ಎಳೆಯುತ್ತ ನಡೆದೆವು, ತೆಂಗಿನ ಚಿಪ್ಪುಗಳಲ್ಲಿ ಹೆಸರುಕಾಳು ಮೊಳೆಯಿಸಿದೆವು. ಆ ಮೊಳಕೆಯನ್ನು ಊರ ಆಡೊಂದು ಪರೀಕ್ಷಕರಿಗಿಂತ ಶ್ರದ್ಧೆಯಿಂದ ಪರಿಶೀಲಿಸಿ ಪೂರ್ತಿ ತಿಂದಿತು. ಮರುದಿನ ಮತ್ತೆ ಬಿತ್ತಿದೆವು.

ಹಾಗೊಂದು ದಿನ ಗಾತ್ರದ ಪಾಠ ಬಂತು. ದೊಡ್ಡ ತಗಡಿನ ಡಬ್ಬಿಯೊಂದನ್ನು ನಡುವೆ ಇಟ್ಟು, ಅದಕ್ಕೆ ಎಷ್ಟು ಸೇರು ಭತ್ತ ಹಿಡಿಯುತ್ತದೆಂದು ಅಳೆದು ನೋಡಲು ಮಕ್ಕಳಿಗೆ ಹೇಳಿದೆ. ಒಂದೇ ಡಬ್ಬಿ, ಒಂದೇ ಸೇರು. ಉತ್ತರ ಮಾತ್ರ ಗುಂಪಿಗೊಂದು. ಎಣಿಸಲು ಬಾರದ ಮಕ್ಕಳೆಂದು ಗದರಿಸಿ, ಸ್ವತಃ ಪಕ್ಕದಲ್ಲಿ ಕೂತು ನೋಡಿದಾಗ ಗುಟ್ಟು ಗೊತ್ತಾಯಿತು. ಒಂದೊಂದು ಮಗುವೂ ಎಡಗೈಯನ್ನು ಸೇರಿನ ಬಾಯಿಗೆ ಕೋಟೆಯಂತೆ ಕಟ್ಟಿ, ಅದರೊಳಗೆ ಗೋಪುರವೇಳುವಷ್ಟು ಭತ್ತ ಸುರಿದು, ಚೆಲ್ಲುವ ಮೊದಲೇ ಡಬ್ಬಿಗೆ ಮಗುಚುತ್ತಿತ್ತು. ಆ ಸೀಮೆಯಲ್ಲಿ ಅಳೆಯುವುದೆಂದರೆ ಹಾಗೆಯೇ. ಬಾಯಿಗೆ ಸಮನಾಗಿ ಕೋಲೆಳೆದು, ಮೇಲಿನದನ್ನು ಸವರಿ ಅಳೆಯಿರಿ ಎಂದೆ. ಮಕ್ಕಳು ನನ್ನನ್ನು ನೋಡಿದ ರೀತಿಗೆ ನಾನೇ ಅಪರಾಧಿಯಂತಾದೆ.

ನಾಲ್ಕನೇ ಇಯತ್ತೆಯ ನೀಲವ್ವ ಎದ್ದು ನಿಂತಳು. "ಅಕ್ಕೋರ, ಕೋಲ ಎಳದ್ರ ಮನೀ ಬರಕತ್ತ ಹೋಗತೈತ್ರಿ."

"ಹಾಗಾದರೆ ನೀರನ್ನು ಗೋಪುರ ಮಾಡಿ ಅಳೆ ನೋಡೋಣ" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನೀಲವ್ವ ನಗಲಿಲ್ಲ. ಸೇರಿಗೆ ನೀರು ತುಂಬಿ, ಅದು ಬಾಯಿಗೆ ಸಮನಾಗಿ ನಿಂತದ್ದನ್ನು ನೋಡಿದಳು. ಆಮೇಲೆ ಕೋಲು ಕೈಗೆತ್ತಿಕೊಂಡಳು. ಗೆದ್ದೆನೆಂದು ನಾನು ಬೀಗಿದೆ.

ಆ ಹಮ್ಮಿಗೆ ಎರಡೇ ದಿನದಲ್ಲಿ ಬೆಲೆ ತೆರಬೇಕಾಯಿತು. ನೀಲವ್ವನ ತಂದೆ ಫಕೀರಪ್ಪ ಶಾಲೆಯ ಬಾಗಿಲಿಗೇ ಬಂದ. ಅವನ ಕಣದಲ್ಲಿ ಸುಗ್ಗಿ ನಡೆದಿತ್ತು. ಬಟ್ಟೆ ಒಗೆಯುವ ಮುದುಕಿಗೆ ವರ್ಷದ ಪಾಲಿನ ಭತ್ತ ಅಳೆದುಕೊಡಲು ಮಗಳಿಗೆ ಹೇಳಿದ್ದನಂತೆ. ಅವಳು ಹತ್ತು ಮಂದಿಯ ಎದುರಿಗೆ ಸೇರಿನ ಮೇಲೆ ಕೋಲೆಳೆದಳಂತೆ.

"ಅಕ್ಕೋರ, ನಮ್ಮಪ್ಪನ ಕಾಲದಿಂದ ನಮ್ಮ ಕಣದಾಗ ಯಾರೂ ಕೋಲ ಎಳದಿಲ್ರಿ! ಮುದುಕಿ ಉಡೀ ಒಡ್ಡಿ ನಿಂತಾಕಿ ಹಂಗ ನಿಂತಬಿಟ್ಲು. ನಾಚಿಕಿ ಬಂತ್ರಿ ನನಗ. ಸಾಕು ಈ ಸಾಲಿ. ಮನ್ಯಾಗ ಸಣ್ಣಾಕಿ ಕಾಶವ್ವ ಅದಾಳ, ಅಕೀನ್ನ ಆಡಿಸ್ಕೊಂಡ ಇರ್ಲಿ ಇಕಿ."

ಅಯ್ಯೋ ದೇವರೇ, ಶಾಲೆಯಲ್ಲೇ ಅತ್ಯಂತ ಚುರುಕಿನ ಹುಡುಗಿ! ಕೋಲು ಕೊಟ್ಟವಳು ನಾನು, ಶಿಕ್ಷೆ ಅವಳಿಗೆ. ನನ್ನ ಹುಟ್ಟುಗುಣ ತಲೆಯೆತ್ತಿತು. "ಕರೆದುಕೊಂಡು ಹೋಗುವಿರಂತೆ. ಮೊದಲು ಒಳಗೆ ಬಂದು ಈ ಡಬ್ಬಿಗೆ ನೀವೂ ಭತ್ತ ಅಳೆಯಿರಿ. ಅಲ್ಲಿಯವರೆಗೆ ನಾನು ಬಿಡುವವಳಲ್ಲ" ಎಂದು ಬಾಗಿಲಿಗೆ ಅಡ್ಡ ನಿಂತೆ.

ಫಕೀರಪ್ಪ ಗೊಣಗುತ್ತಲೇ ಮಕ್ಕಳ ನಡುವೆ ಚಕ್ಕಳಬಕ್ಕಳ ಕೂತು, ತನ್ನ ಅಗಲವಾದ ಅಂಗೈಯ ಕೋಟೆ ಕಟ್ಟಿ, ಗೋಪುರದ ಮೇಲೆ ಗೋಪುರವೇರಿಸಿ ಅಳೆದ. ಎಂಟು ಸೇರಿಗೆ ಡಬ್ಬಿ ತುಂಬಿತು. ನೀಲವ್ವನ ಪುಟ್ಟ ಕೈಯಲ್ಲಿ ಗೋಪುರ ನಿಲ್ಲದೆ ಜಾರಿತು. ಅದೇ ಡಬ್ಬಿ ಹತ್ತು ಸೇರು ಕೇಳಿತು. ಆಮೇಲೆ ಇಬ್ಬರೂ ಕೋಲೆಳೆದು ಅಳೆದರು. ಲೆಕ್ಕ ಒಂದೇ ಬಂತು.

"ಅಪ್ಪಾ, ಸೇರು ಒಂದ ಐತಿ. ನೀ ಅಳದ್ರ ಮುದುಕಿಗೆ ಹೆಚ್ಚು, ನಾ ಅಳದ್ರ ಕಡಿಮಿ. ಅಕೀ ಪಾಲು ನಮ್ಮ ಕೈ ನೋಡಿ ಯಾಕ ಬದಲಾಗ್ಬೇಕು?"

ಫಕೀರಪ್ಪ ಮಗಳ ಮುಖ ನೋಡಿದ, ಅನಂತರ ನನ್ನತ್ತ ತಿರುಗಿದ. "ಖರೆ ಐತ್ರಿ. ಆದ್ರ ಒಡ್ಡಿದ ಉಡಿಗೆ ಕೋಲ ಎಳದ ಹಾಕೂದು ಹೆಂಗ್ರಿ? ನೀವ ಹೇಳ್ರಿ."

ನಾನು ತರಬೇತಿಯ ಪುಸ್ತಕಗಳನ್ನೆಲ್ಲ ಮನಸ್ಸಿನಲ್ಲೇ ಮಗುಚಿ ನೋಡತೊಡಗಿದೆ. ನೀಲವ್ವ ಮಾತ್ರ ಸೇರು ತುಂಬಿ, ನೀಟಾಗಿ ಕೋಲೆಳೆದು, ಅಪ್ಪನ ಮುಂದೆ ಹಾಸಿದ್ದ ಗೋಣಿಗೆ ಸುರಿದಳು. ಆಮೇಲೆ ಎರಡೂ ಕೈಯಲ್ಲಿ ಬೊಗಸೆ ತುಂಬ ಭತ್ತ ತೆಗೆದು ಅದರ ಮೇಲೆ ಹಾಕಿದಳು.

"ಅದು ಅಳತಿ. ಇದು ನಮ್ಮ ಮನೀದು. ಎರಡೂ ಕೂಡಿಸಬ್ಯಾಡಪ್ಪಾ."

ನನ್ನ ಕಣ್ಣು ತುಂಬಿತು. ಅಳತೆ ನಿಖರವಾದರೆ ಔದಾರ್ಯ ಸಾಯುತ್ತದೆಂದು ಆ ಊರು ಹೆದರಿತ್ತು. ಅಳತೆಯಷ್ಟೇ ಕಲಿಸಿದರೆ ಸಾಕೆಂದು ನಾನು ತಿಳಿದಿದ್ದೆ. ಹುಡುಗಿ ಎರಡನ್ನೂ ಬೇರೆ ಬೇರೆ ಇಟ್ಟು ಎರಡನ್ನೂ ಉಳಿಸಿಕೊಂಡಿದ್ದಳು. ಫಕೀರಪ್ಪ ಎದ್ದು, ಟವೆಲು ಕೊಡವಿ, "ನಡಿ" ಎಂದು ಮಗಳನ್ನು ಕರೆದುಕೊಂಡು ಹೊರಟೇಬಿಟ್ಟ.

ಮರುದಿನ ಗಂಟೆ ಬಾರಿಸಿದರೂ ನೀಲವ್ವನ ಜಾಗ ಖಾಲಿ. ಪ್ರಾರ್ಥನೆ ಮುಗಿಯಿತು, ಹಾಜರಿ ಮುಗಿಯಿತು. ಇನ್ನು ಕೂತರಾಗದೆಂದು, ಮಕ್ಕಳಿಗೆ ಮಗ್ಗಿ ಒಪ್ಪಿಸಲು ಹೇಳಿ, ಅವಳ ಮನೆಯ ಹೊಸ್ತಿಲಲ್ಲೇ ಧರಣಿ ಕೂರುವ ನಿಶ್ಚಯದಿಂದ ಛತ್ರಿ ಹಿಡಿದು ಹೊರಬಿದ್ದೆ. ಅಂಗಳ ದಾಟುವಷ್ಟರಲ್ಲಿ ಎದುರಿಗೆ ಫಕೀರಪ್ಪ. ಪಕ್ಕದಲ್ಲಿ ನೀಲವ್ವ, ಅವನ ಹೆಗಲ ಮೇಲೆ ಮೂಗು ಸುರಿಸುವ ಮೂರು ವರ್ಷದ ಕಾಶವ್ವ.

"ತಡಾ ಆತ್ರಿ ಅಕ್ಕೋರ. ಮುದುಕೀ ಮನೀಗೆ ಹೋಗಿ ಬಂದ್ವಿ. ಬೊಗಸಿ ಇಕೀನ ಹಾಕಿದ್ಲು. ಮುದುಕಿ ನಕ್ಕೋತ ಮತ್ತೊಂದು ಹಾಕಿಸ್ಕೊಂಡ್ಲು." ಅವನೂ ನಕ್ಕ. ಆಮೇಲೆ ಸಣ್ಣವಳನ್ನು ಹೆಗಲಿಂದಿಳಿಸಿ ನನ್ನ ಸೊಂಟಕ್ಕೇ ದಾಟಿಸಿದ. "ಇಕೀನ್ನ ನೋಡ್ಕೊಳ್ಳಾಕ ಮನ್ಯಾಗ ಯಾರೂ ಇಲ್ರಿ. ಇಬ್ರನ್ನೂ ನೀವ ಇಟ್ಕೋರಿ."

ಕಾಶವ್ವ ಒಳಗೆ ಬಂದವಳೇ ಡಬ್ಬಿಗೆ ಎರಡೂ ಕೈ ಹಾಕಿ, ಬಾಚಿದ ಭತ್ತವನ್ನೆಲ್ಲ ಪಕ್ಕದಲ್ಲಿ ಕೂತ ನನ್ನ ಮಡಿಲಿಗೆ ಸುರಿದಳು. ನೀಲವ್ವ ಕೋಲು ತೆಗೆದುಕೊಂಡು ಬಂದಳು. "ಇರಲಿ ಬಿಡೇ, ಅವಳಿಗೆ ಇನ್ನೂ ಅಳತೆಯ ವಯಸ್ಸಾಗಿಲ್ಲ" ಎಂದು, ನಾನು ಸೆರಗು ಇನ್ನಷ್ಟು ಅಗಲ ಮಾಡಿ ಒಡ್ಡಿದೆ.