ಆರನೆಯ ಬಾಟಲಿ

ಇಂಥ ಕಥೆ ಹೇಳಿದವರ ಮುಖದೆದುರೇ ನಾನು ಎಷ್ಟೋ ಸಲ ನಕ್ಕಿದ್ದೇನೆ. ರಸಾಯನಶಾಸ್ತ್ರ ಓದಿದವನು, ಅಳತೆಗೆ ಸಿಗದ್ದು ಇಲ್ಲವೆಂದೇ ನನ್ನ ವಾದ. ಈಗ ಬರೆಯುತ್ತಿರುವುದು ಅಳತೆಗೆ ಸಿಕ್ಕ ಸಂಗತಿ. ನನ್ನ ಕಷ್ಟ ಇರುವುದೂ ಅಲ್ಲೇ.

ತೊಂಬತ್ತರ ದಶಕದ ಆರಂಭದಲ್ಲಿ ವಿಶಾಖಪಟ್ಟಣದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಎಲೆ, ಹುಲ್ಲು, ಊರಿನ ಕೊಳೆ ಎಲ್ಲವೂ ಕೊಳೆತು ನದಿಯಲ್ಲಿ ಕರಗುತ್ತವೆ. ಸೋಸಿದರೂ ಹೋಗದ, ಕಣ್ಣಿಗೂ ಕಾಣದ ಆ ಸಾವಯವ ವಸ್ತುವಿನಲ್ಲಿ ಯಾವ ಬಗೆಯ ಅಣುಗಳಿವೆ ಎಂದು ಗುರುತಿಸುವುದು ನನ್ನ ಕೆಲಸ. ನೀರಿಗೆ ಅತಿನೇರಳೆ ಬೆಳಕು ಹಾಯಿಸಿದರೆ ಆ ಅಣುಗಳು ತಾವೂ ಮಂದ ಬೆಳಕು ಸೂಸುತ್ತವೆ. ಯಂತ್ರ ಅದನ್ನು ಕಾಗದದ ಮೇಲೆ ಗೆರೆಯಾಗಿ ಎಳೆಯುತ್ತದೆ. ಒಂದೊಂದು ಜಾಗದ ನೀರಿಗೆ ಒಂದೊಂದು ಗೆರೆ, ಹೆಬ್ಬೆಟ್ಟಿನ ಗುರುತಿನ ಹಾಗೆ.

ನೀರು ತರುತ್ತಿದ್ದುದು ವಿಜಯವಾಡದಿಂದ. ಕೃಷ್ಣೆಯಿಂದ ಹೊರಟ ಕಾಲುವೆಯ ಉದ್ದಕ್ಕೂ ಆರು ಜಾಗ, ಆರು ಬಾಟಲಿ. ತುಂಬುವ ಮೊದಲು ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ಗಲಬರಿಸಿ ಚೆಲ್ಲಬೇಕು. ದಡದಲ್ಲಿ ಯಾರಾದರೂ ಮಾತಿಗೆಳೆದರೆ ಲೆಕ್ಕ ತಪ್ಪೀತೆಂದು, ಒಂದೊಂದು ಸಲಕ್ಕೂ ಬಾಟಲಿಯ ಕತ್ತಿಗೆ ಕಟ್ಟಿದ ಚೀಟಿಯ ಮೇಲೆ ಪೆನ್ಸಿಲಿನಿಂದ ಒಂದು ಗೀಟು ಹಾಕುತ್ತಿದ್ದೆ. ಶಾಯಿ ಕೂಡದು, ಶಾಯಿಯೂ ಸಾವಯವ ವಸ್ತುವೇ. ಮೂರು ಗೀಟಾದ ನಂತರ, ಮೇಲೆ ಎರಡು ಬೆರಳು ಜಾಗ ಬಿಟ್ಟು ತುಂಬಿ, ಗಂಟೆ ಬರೆದು, ಬಿರಡೆ ಹಾಕುವುದು.

ವಿಜಯವಾಡದ ಒನ್ ಟೌನ್ ಬಡಾವಣೆಯಲ್ಲಿ ನನ್ನ ಅಕ್ಕನ ಮನೆ. ನಾವು ಬಳ್ಳಾರಿಯವರು, ಬಾವ ಅಲ್ಲಿಯ ತೆಲುಗರು. “ಏಮಯ್ಯಾ ಬಾಮ್ಮರ್ದಿ, ಇಷ್ಟು ಓದಿ ಕೊನೆಗೆ ಬಾಟ್ಲಿ ತೊಳೆಯೋದಾ?” ಎಂದು ರೇಗಿಸುತ್ತಿದ್ದರು. ನೀರು ಮನೆಗೆ ಬಂದರೆ ಅಕ್ಕ ಕುಂಕುಮದ ಭರಣಿ ಹಿಡಿದು ಬರುವವಳು. ನಾನು ಬೇಡವೆಂದು ಕೂಗಾಡಬೇಕು. “ಕೃಷ್ಣಮ್ಮ ಮನೀಗೆ ಬಂದಾಳ, ಒಂದು ಬೊಟ್ಟು ಇಟ್ರೆ ನಿನ್ನ ಮಿಷನ್ನು ಸತ್ತು ಹೋಗ್ತೈತೇನು?” ಎನ್ನುವಳು.

ಆ ದಿನ ಮಧ್ಯಾಹ್ನ ಐದು ಬಾಟಲಿ ಮುಗಿಸಿ ಆರನೆಯ ಜಾಗಕ್ಕೆ ಹೋದೆ. ಹಳೆಯ ಕಲ್ಲಿನ ಮೆಟ್ಟಿಲುಗಳು. ಕೆಳಗೆ ನೀರು ಕೆಂಪಗೆ, ಜೋರಾಗಿ ಹರಿಯುತ್ತಿತ್ತು. ಪೆಟ್ಟಿಗೆಯನ್ನು ಮೇಲಿಟ್ಟು ಖಾಲಿ ಬಾಟಲಿಯೊಂದಿಗೆ ಕೊನೆಯ ಮೆಟ್ಟಿಲಿಗಿಳಿದು ಕೂತೆ. ಆಗ ಕಿವಿಯ ಮೇಲೆ ಕೈಯಾಡಿಸಿದರೆ ಪೆನ್ಸಿಲ್ ಇಲ್ಲ. ಪೆಟ್ಟಿಗೆಯಲ್ಲೇ ಬಿಟ್ಟಿದ್ದೆ. ನನ್ನನ್ನೇ ಬೈದುಕೊಂಡು ಬಾಟಲಿ ಹಿಡಿದು ಮೇಲೆ ಹತ್ತಿದೆ. ಪೆಟ್ಟಿಗೆಯ ಮುಚ್ಚಳ ತೆಗೆಯುವಷ್ಟರಲ್ಲಿ ಹಿಂದೆ ದೊಡ್ಡ ಸದ್ದು. ತಿರುಗಿದರೆ ಕೆಳಗಿನ ನಾಲ್ಕು ಮೆಟ್ಟಿಲುಗಳು ದಡದ ಮಣ್ಣಿನ ಸಮೇತ ಕಾಲುವೆಗೆ ಜಾರಿದ್ದವು.

ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು “ಮನಿಷಿ ಪಡಿಪೋಯಾಡು!” ಎಂದು ಕಿರುಚಿದಳು. ಮನುಷ್ಯ ಬಿದ್ದ ಎಂದು. ನಾನು ಓಡಿಹೋಗಿ, “ನಾನೇ ಅಮ್ಮಾ, ಇಲ್ಲಿದ್ದೇನೆ” ಎಂದು ತೆಲುಗಿನಲ್ಲಿ ಹೇಳಿದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನುವ್ವು ಕಾದು ಬಾಬೂ, ಕಿಂದ ಕೂಚುನ್ನಾಯನ” ಎಂದಳು. ನೀನಲ್ಲಪ್ಪಾ, ಕೆಳಗೆ ಕೂತಿದ್ದವರು. ಜನ ಸೇರಿ ಬಿದಿರಿನ ಗಳ ಹಾಕಿ ಬಹಳ ಹೊತ್ತು ಹುಡುಕಿದರು. ಯಾರೂ ಸಿಗಲಿಲ್ಲ. ಯಾರೂ ಕಾಣೆಯಾಗಿರಲೂ ಇಲ್ಲ. ಗಾಬರಿಯಲ್ಲಿ ತಪ್ಪು ಕಂಡಿದ್ದಾಳೆ ಎಂದುಕೊಂಡೆ.

ಖಾಲಿ ಬಾಟಲಿಗೂ ಬಿರಡೆ ಹಾಕಿ ಪೆಟ್ಟಿಗೆಯಲ್ಲಿಟ್ಟುಕೊಂಡು ಮನೆಗೆ ಬಂದೆ. ಬಟ್ಟೆ ಒಣಗಿಯೇ ಇತ್ತು. ಅಕ್ಕ ನಾನು ತಡೆಯುವ ಮೊದಲೇ ಪೆಟ್ಟಿಗೆ ತೆಗೆದು ಬಾಟಲಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. “ತಮ್ಮಾ, ಒಂದು ಖಾಲಿ ಐತಲ್ಲೋ. ಹೊಳೀಗೆ ಹೋಗಿ ಯಾರಾದ್ರೂ ಖಾಲಿ ತರ್ತಾರೇನು?” ನಡೆದದ್ದನ್ನು ಹೇಳಿದೆ. ಅವಳು ನನ್ನನ್ನು ಕೈಕಾಲು ತೊಳೆಯಲು ಹಿತ್ತಲಿಗೆ ಕಳಿಸಿದಳು. ಪೆಟ್ಟಿಗೆಗೆ ಬೀಗ ಹಾಕಿ, ರೈಲಿನಲ್ಲಿ ಕಾಲಡಿಗಿಟ್ಟುಕೊಂಡು ವಿಶಾಖಪಟ್ಟಣಕ್ಕೆ ಮರಳಿದೆ. ಬೀಗದ ಕೈ ನನ್ನ ಜೇಬಿನಲ್ಲಿತ್ತು.

ಪ್ರಯೋಗಶಾಲೆಯಲ್ಲಿ ಪೆಟ್ಟಿಗೆ ತೆರೆದರೆ ಆರೂ ಬಾಟಲಿ ತುಂಬಿದ್ದವು.

ಐದರಲ್ಲಿ ಎರಡು ಬೆರಳು ಜಾಗವಿತ್ತು. ಆರನೆಯದರಲ್ಲಿ ಗುಳ್ಳೆಯಷ್ಟೂ ಗಾಳಿಯಿರಲಿಲ್ಲ. ನೀರೊಳಗೆ ಮುಳುಗಿದ ಬಾಟಲಿ ತುಂಬುವ ಹಾಗೆ ಬಿರಡೆಯವರೆಗೂ ತುಂಬಿತ್ತು. ಯಾರದೋ ಕುಚೇಷ್ಟೆ, ನಲ್ಲಿ ನೀರು ಎಂದು ಸಿಟ್ಟಿನಿಂದಲೇ ಯಂತ್ರಕ್ಕಿಟ್ಟೆ. ನಲ್ಲಿ ನೀರಿನ ಗೆರೆ ನನಗೆ ಗೊತ್ತು. ಇದು ಅದಲ್ಲ. ಕಾಲುವೆಗೆ ಊರಿನ ಚರಂಡಿಗಳು ಸೇರುತ್ತ ಹೋದಂತೆ ಗೆರೆಯ ಒಂದು ಉಬ್ಬು ಏರುತ್ತ ಹೋಗುತ್ತದೆ. ಈ ನೀರಿನಲ್ಲಿ ಅದು ಐದನೆಯದಕ್ಕಿಂತ ಮೇಲೆ, ಆರನೆಯ ಜಾಗಕ್ಕೆ ಎಲ್ಲಿರಬೇಕಿತ್ತೋ ಅಲ್ಲೇ ಇತ್ತು. ಮೂರು ಸಲ ಅಳೆದೆ. ಮೂರು ಸಲವೂ ಅಷ್ಟೇ.

ನನ್ನ ಮಾರ್ಗದರ್ಶಕರು ಎಲ್ಲ ಕೇಳಿ, “ನೀನೇ ತುಂಬಿದ್ದೀಯ, ಹೆದರಿಕೆಯಲ್ಲಿ ಮರೆತಿದ್ದೀಯ. ಜೀವ ಉಳಿಯಿತಲ್ಲ, ಬಿಡು” ಎಂದರು. ಬಿಡಬಹುದಿತ್ತು, ಅಕ್ಕ ಖಾಲಿ ಬಾಟಲಿ ಮುಟ್ಟಿರದಿದ್ದರೆ. ಬೂತಿನಿಂದ ಫೋನ್ ಮಾಡಿ ಕೇಳಿದೆ. “ಖಾಲೀನೇ ಇತ್ತಪಾ. ಕುಂಕುಮ ಹಚ್ಚಿದವಳಿಗೆ ಗೊತ್ತಿರಲ್ವಾ?” ಎಂದಳು. ತುಂಬಿದ ಐದು ಬಾಟಲಿಗಳ ತಳಕ್ಕೆ ಮಾತ್ರ, ನನಗೆ ಕಾಣದಂತೆ ಹಚ್ಚಿದ್ದಳಂತೆ. ಹೋಗಿ ಎತ್ತಿ ನೋಡಿದೆ. ಐದರ ತಳದಲ್ಲೂ ಬೊಟ್ಟಿತ್ತು. ಆರನೆಯದರಲ್ಲಿ ಇರಲಿಲ್ಲ.

ಪ್ರಬಂಧದಲ್ಲಿ ಐದೇ ಜಾಗಗಳಿವೆ. ಆರನೆಯದೇಕಿಲ್ಲ ಎಂದು ಪರೀಕ್ಷಕರು ಕೇಳಿದಾಗ “ತೆಗೆಯಲಾಗಲಿಲ್ಲ ಸರ್” ಎಂದೆ. ಅದು ಸುಳ್ಳಲ್ಲ.

ಆ ಬಾಟಲಿಯ ಚೀಟಿ ಮಾತ್ರ ಇನ್ನೂ ನನ್ನ ಬಳಿ ಇದೆ. ಮೇಲಿನ ಸಂಖ್ಯೆ ನಾನು ಮೊದಲೇ ಬರೆದಿಟ್ಟಿದ್ದು. ಗಂಟೆ ಬರೆದಿಲ್ಲ. ಸಂಖ್ಯೆಯ ಕೆಳಗೆ ಪೆನ್ಸಿಲಿನ ಗೀಟುಗಳಿವೆ, ನನ್ನ ಕೈಯವೇ, ಸ್ವಲ್ಪ ಎಡಕ್ಕೆ ವಾಲಿದವು. ಆದರೆ ಎರಡೇ. ಮೂರನೆಯದನ್ನು ಎಳೆದುಬಿಡೋಣ, ಲೆಕ್ಕ ಮುಗಿಯಲಿ ಎಂದು ಎಷ್ಟೋ ಸಲ ಪೆನ್ಸಿಲ್ ಹಿಡಿದಿದ್ದೇನೆ. ಕೈ ಬರುವುದಿಲ್ಲ.